ಒಂದು ನಿಮಿಷದ ಮಾದರಿ

ಮಂಡಕ್ಕಿ ಹುರಿಯುವ ಭಟ್ಟಿಗೆ ಬೆಂಕಿ ಬಿದ್ದು ಗೆಳೆಯ ದಾದಾಪೀರ್ ಸತ್ತ ದಿನ ನನ್ನ ತಲೆಯಿಂದ ಹೋಗಬೇಕಿತ್ತು. ಅದಕ್ಕೆ ಮನಸ್ಸಿನ ಡಾಕ್ಟರನ್ನು ಹುಡುಕುತ್ತಿದ್ದೆ. ಮೊದಲ ಫೋನಿನಲ್ಲೇ ಎಲ್ಲರೂ ಒಂದು ನಿಮಿಷದ ನೆನಪನ್ನು ಮಾದರಿಗೆ ಕೇಳುತ್ತಾರೆ. ಹೇಳಿ ಮುಗಿಸಿದ ನೆನಪು ಹೇಳಿದವರ ತಲೆಯಿಂದ ಅಳಿದು ಕೇಳಿದವರ ಪಾಲಾಗುತ್ತದೆ. ಆಗಲೇ ಇಬ್ಬರು ಡಾಕ್ಟರಿಗೆ ದಾದಾಪೀರನ ಒಂದೊಂದು ನಿಮಿಷ ಕೊಟ್ಟಿದ್ದೆ. ಅದರಲ್ಲಿ ಏನಿತ್ತೋ ಈಗ ನನಗೇ ಗೊತ್ತಿಲ್ಲ.

ಮೂರನೆಯವರು ಸುವರ್ಣಾ ಮೇಡಂ.

“ನಿಮಗೂ ಮಾದರಿ ಬೇಕಲ್ರೀ? ತಗೊಳ್ರಿ,” ಎಂದು ರೇಗಿದೆ. ಬೆಂಕಿಗೆ ಮುಂಚಿನ, ನೋವಿಲ್ಲದ ಒಂದು ನಿಮಿಷವನ್ನು ಆರಿಸಿ ಹೇಳಿದೆ. ಹೇಳುತ್ತಿದ್ದಂತೆ ಅದು ಖಾಲಿಯಾಯಿತು.

ಮೇಡಂ ಫೋನಿಡಲು ಬಿಡಲಿಲ್ಲ.

“ತಿಪ್ಪೇಶ್, ಇದನ್ನ ನಾನು ಇಟ್ಕೊಳ್ಳಲ್ಲಪ್ಪ. ವಾಪಸ್ ಹೇಳ್ತೀನಿ, ಕೇಳು. ಮಿರ್ಚಿ ಕಚ್ಚಿ ನೀನು ‘ಹಾ ಹಾ’ ಅಂತಿದ್ದೆ. ದಾದಾಪೀರ್ ತನ್ನ ಚಾ ಲೋಟ ನಿನ್ನ ಕೈಗಿಟ್ಟು, ‘ಕುಡಿಯಲೇ, ದೊಡ್ಡ ಗಂಡಸು!’ ಅಂತ ನಕ್ಕ.”

ಅವನ ನಗು ತಿರುಗಿ ಬಂತು. ಗೋಡೆಗೆ ಒರಗಿ ಕೂತುಬಿಟ್ಟೆ.

“ಸೋಮವಾರ ಬರ್ತೀಯೇನಪ್ಪಾ?”

“ಬರ್ತೀನ್ರೀ ಮೇಡಂ. ಮೊದಲು ಆ ಇಬ್ಬರ ನಂಬರ್ ಬರ್ಕೊಳ್ರಿ. ನನ್ನ ದಾದಾಪೀರ್ ಇನ್ನೂ ಎರಡು ನಿಮಿಷ ಅವರ ಹತ್ರ ಇದ್ದಾನೆ.”