ಕಾಫಿ ಹೊಟ್ಟಿನ ಗೋಡೆ

ಕಾಫಿ ಹೊಟ್ಟು ಸುಡುವ ವಾಸನೆ ಬಂದರೆ ಈಗಲೂ ನಾನು ಎದ್ದು ಮನೆಯ ಗೋಡೆಗಳನ್ನೆಲ್ಲ ಮುಟ್ಟಿ ನೋಡುತ್ತೇನೆ.

ಬಾಳ್ಳುಪೇಟೆಯ ನಮ್ಮ ಮನೆ ಹೆದ್ದಾರಿಗೆ ಅಂಟಿಕೊಂಡಿತ್ತು. ಲಾರಿಗಳ ಸದ್ದಿಗೆ ಅಜ್ಜಿಗೆ ಮಧ್ಯಾಹ್ನದ ನಿದ್ದೆ ಹತ್ತುತ್ತಿರಲಿಲ್ಲ. ಅಪ್ಪ ಅವಳ ಕೋಣೆಯ ಗೋಡೆ, ಬಾಗಿಲಿಗೆಲ್ಲ ಹಲಗೆ ಹೊಡೆದು, ಸಂದಿಗೆ ಒಣ ಕಾಫಿ ಹೊಟ್ಟು ತುಂಬಿದರು.

"ಒಲೆ ಪಕ್ಕದ ಗೋಡೆಗೂ ತುಂಬ್ತೀರಲ್ಲ, ಕಿಡಿ ಬಿದ್ರೆ?" ಎಂದಳು ಅಮ್ಮ.

"ಸದ್ದೇ ಒಳಗೆ ಹೋಗಲ್ಲ, ಕಿಡಿ ಹೋಯ್ತದಾ ಮಾರಾಯ್ತಿ?"

ಮರುದಿನ ಮಧ್ಯಾಹ್ನ ಆ ಗೋಡೆಯ ಹಲಗೆಗಳ ನಡುವಿನಿಂದ ಹೊಗೆ ಎದ್ದಿತು. ಅಜ್ಜಿ ಒಳಗೆ ಚಿಲಕ ಹಾಕಿ ಮಲಗಿದ್ದಳು. ನಾವು ಎಷ್ಟು ಕಿರುಚಿದರೂ ಏಳಲಿಲ್ಲ. ಕೊನೆಗೆ ಅಪ್ಪ ಒನಕೆಯಿಂದ ಬಾಗಿಲು ಒಡೆದು ಅವಳನ್ನು ಅಂಗಳಕ್ಕೆ ಹೊತ್ತು ತಂದರು.

"ನಾವು ಕೂಗಿದ್ದು ಒಂಚೂರೂ ಕೇಳಿಸ್ಲಿಲ್ವಾ ಅವ್ವ?" ಕೆಮ್ಮುತ್ತ ಕೇಳಿದರು.

"ಇಲ್ಲ ಕಣೋ."

ಅಪ್ಪ ಕಣ್ಣೊರೆಸಿಕೊಂಡು, ಉರಿಯುವ ಗೋಡೆಗೆ ಕೊಡದಿಂದ ನೀರು ಸುರಿಯುತ್ತಿದ್ದ ಅಮ್ಮನ ಕಡೆ ತಿರುಗಿ, "ನೋಡ್ದ್ಯಾ?" ಎಂದರು.