ಹತ್ತಕ್ಕೆ ಎಷ್ಟು?

"ಈಗ ನೋವು ಹತ್ತಕ್ಕೆ ಎಷ್ಟಿದೆ ಹೇಳಿ," ಎಂದು ಡಾಕ್ಟರ್ ಹರ್ಷವರ್ಧನ್ ಕೇಳಿದರು.

ದೊಡ್ಡಮುನಿಯಪ್ಪ ಜಿಗಣಿಯ ಸೈಟ್ ಬ್ರೋಕರ್. ಮೊದಲ ಮಾತಿಗೇ ನಿಜವಾದ ರೇಟು ಬಾಯಿಬಿಟ್ಟವನೇ ಅಲ್ಲ. ಎರಡು ವಾರದ ಹಿಂದೆ ಬೆನ್ನುಮೂಳೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವಾಗ ಇದೇ ಪ್ರಶ್ನೆಗೆ "ಹನ್ನೆರಡು" ಎಂದಿದ್ದ. ಡಾಕ್ಟರು ಹತ್ತಕ್ಕೆ ಇಳಿಸಿ ಬರೆದುಕೊಂಡಾಗ, ವ್ಯವಹಾರ ಗೊತ್ತಿರುವ ಮನುಷ್ಯ ಎಂದು ಅವರ ಮೇಲೆ ಗೌರವ ಹುಟ್ಟಿತ್ತು.

ಇವತ್ತು ನೋವು ಸೊನ್ನೆ. ಆಸ್ಪತ್ರೆ ಮುಂದೆ ಸ್ಕೂಟರಿಗೆ ತಾನೇ ಡಬಲ್ ಸ್ಟ್ಯಾಂಡ್ ಹಾಕಿ ಬಂದಿದ್ದ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು.

"ಒಂದ್ ಏಳು ಐತೆ ಸಾರ್."

"ಏಳಾ? ಹಾಗಾದ್ರೆ ಮೊದಲ್ನೇದು ಸರಿಯಾಗಿ ಕೆಲಸ ಮಾಡಿಲ್ಲ. ನಾಳೆ ಇನ್ನೊಂದು ಇಂಜೆಕ್ಷನ್ ಹಾಕ್ಬಿಡೋಣ."

ದೊಡ್ಡಮುನಿಯಪ್ಪ ಬೆವೆತುಹೋದ. ಬೋರಲು ಮಲಗಿಸಿ, ಕಣ್ಣಿಗೆ ಕಾಣದ ಕಡೆಯಿಂದ ಚುಚ್ಚುವ ಆ ಉದ್ದನೆಯ ಸೂಜಿ! ಜೀವಮಾನದಲ್ಲಿ ಅವನು ನಿಜವಾಗಿ ಹೆದರಿದ್ದು ಅದೊಂದಕ್ಕೇ.

"ತಡೀರಿ ಸಾರ್! ಐದು ಬರ್ಕೊಳಿ."

"ಐದಾ?"

"ಓಗ್ಲಿ, ಮೂರು. ಫೈನಲ್ಲು."

"ಇದೇನು ತರಕಾರಿ ವ್ಯಾಪಾರ ಏನ್ರೀ? ನಿಜ ಹೇಳಿ."

"ಸೊನ್ನೆ ಸಾರ್," ಎಂದಳು ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ರಾಮಮ್ಮ. "ನೆನ್ನೆ ನಾಯಿ ಓಡ್ಸಾಕೆ ಬಗ್ಗಿ ಕಲ್ಲೆತ್ಕಂಡ್ರು. ನಾನೇ ನೋಡಿವ್ನಿ."

"ಪಾರ್ಟಿ ಮುಂದೇನೇ ನಿಜ ಯೋಳ್ಬಿಟ್ಟಲ್ಲೇ!" ಎಂದು ದೊಡ್ಡಮುನಿಯಪ್ಪ ಹಲುಬಿದ. ಡಾಕ್ಟರು ನಕ್ಕು, ಏಳನ್ನು ಹೊಡೆದುಹಾಕಿದರು. ಸೂಜಿ ತಪ್ಪಿತು. ಅವನು ಚಂಗನೆ ಎದ್ದು ನಿಂತ.

ರಾಮಮ್ಮನೂ ಎದ್ದಳು. ಒಂದೇ ಸಲಕ್ಕಲ್ಲ. ಮೊದಲು ಗೋಡೆ ಹಿಡಿದಳು, ಹಲ್ಲು ಕಚ್ಚಿದಳು, ಆಮೇಲೆ ಸೊಂಟ ನೆಟ್ಟಗೆ ಮಾಡಿದಳು. ಇಷ್ಟು ದಿನ ಗಂಡನನ್ನು ಎಬ್ಬಿಸಿ ಕೂರಿಸಿದ್ದು, ನೀರಿನ ಕ್ಯಾನು ಎತ್ತಿದ್ದು ಎಲ್ಲ ಅವಳೇ.

"ನಿಮಗೂ ಸೊಂಟನೋವಾ ಅಮ್ಮ? ಹತ್ತಕ್ಕೆ ಎಷ್ಟು?"

"ನಂದೇನ್ ಬುಡಿ ಸಾರ್. ಒಂದೋ ಎರಡೋ."

ಡಾಕ್ಟರು ಪೆನ್ನು ಎತ್ತಿದರು. ದೊಡ್ಡಮುನಿಯಪ್ಪ ಹೆಂಡತಿಯ ಮುಖ ನೋಡಿದ. ಇನ್ನೂ ಗೋಡೆ ಬಿಡದ ಅವಳ ಕೈ ನೋಡಿದ. ಅವನಿಗೆ ನಾಚಿಕೆಯಾಯಿತು.

"ಅದ್ನ ಬರ್ಕೋಬ್ಯಾಡಿ ಸಾರ್," ಎಂದ. "ಈ ಪಾರ್ಟಿ ಯಾವತ್ತೂ ಕಮ್ಮೀನೇ ಯೋಳೋದು. ಒಂಬತ್ತು ಬರ್ಕೊಳಿ."