ಬಚ್ಚಲ ಮಣೆ

ವಾರಿಜಾಳ ಎರಡನೇ ಬಾಣಂತನ ಅತ್ತೆಯ ಮನೆಯಲ್ಲೇ ನಡೆದಿತ್ತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟಕ್ಕೆ ಹಳೇ ಸೀರೆ. ಅತ್ತೆಯ ಕಣ್ಣು ತಪ್ಪಿಸಿ ಒಂದು ಲೋಟ ತಣ್ಣೀರು ಕುಡಿಯುವಂತಿರಲಿಲ್ಲ.

“ಮೂರು ತಿಂಗಳೂ ಹೀಗೇನಾ ಅತ್ತೆ? ನಿಮಗೆಷ್ಟು ದಿನ ಮಾಡಿದ್ರು?” ಎಂದು ಕೆಣಕಿದಳು.

“ಮೊದಲನೇದಕ್ಕೆ ಮೂರೇ ದಿನ,” ಎಂದರು ಅತ್ತೆ, ಮೆಂತ್ಯ ಹುರಿಯುತ್ತ. “ಮಗುವೇ ಉಳೀಲಿಲ್ಲ, ಇನ್ನೆಲ್ಲಿ ಬಾಣಂತನ ಅಂದ್ರು ನಮ್ಮತ್ತೆ.”



ಮರುದಿನ ಎಣ್ಣೆ ತಿಕ್ಕುವ ಸಣ್ಣಮ್ಮ ಬಂದು ನೋಡಿದರೆ, ಬಚ್ಚಲ ಮಣೆಯ ಮೇಲೆ ಅತ್ತೆ ಮುದುಡಿ ಕೂತಿದ್ದರು.

“ಮೂವತ್ತೈದು ವರ್ಷದ ಮೇಲೆ ನನಗ್ಯಾಕೇ ಇದೆಲ್ಲ?”

“ಸುಮ್ಮನೆ ಕೂತ್ಕೊಳ್ಳಿ,” ಎಂದಳು ವಾರಿಜಾ, ಅವರ ಕಿವಿಗೆ ಹತ್ತಿ ತುರುಕುತ್ತ. “ಇವತ್ತು ನಿಮಗೆ ನಾಲ್ಕನೇ ದಿನ.”